ನೈಟ್ ಶಿಫ್ಟ್, ಬಿಪಿ ಮತ್ತು ರಾತ್ರಿ ಎರಡರ ಊಟ

ಪ್ರಶ್ನೆ: ನನಗೆ 41 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮಷಿನ್ ಆಪರೇಟರ್. ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ. ಮೊನ್ನೆ ನೈಟ್ ಮುಗಿಸಿ ಬರುವಾಗ ಚೆಕ್ ಮಾಡಿಸಿದರೆ ಬಿಪಿ 144/92 ಇತ್ತು. ನೈಟ್ ಶಿಫ್ಟಿನಿಂದ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಮನೆಯಲ್ಲಿ ಹೆದರಿದ್ದಾರೆ. ಕೆಲಸ ಬಿಡುವ ಹಾಗಿಲ್ಲ. ಏನು ಮಾಡಲಿ?

ಉತ್ತರ: ಭಯ ಪೂರ್ತಿ ಸುಳ್ಳಲ್ಲ. ಸುಮಾರು 20 ಲಕ್ಷ ಜನರ ಮಾಹಿತಿ ಕಲೆಹಾಕಿದ 2012ರ ಅಧ್ಯಯನದಲ್ಲಿ ಶಿಫ್ಟ್ ಕೆಲಸದವರಿಗೆ ಹೃದಯಾಘಾತದ ಸಾಧ್ಯತೆ ಶೇ 23ರಷ್ಟು ಜಾಸ್ತಿ ಕಂಡಿತ್ತು. ನೂರಕ್ಕೆ 23 ಜನರಿಗೆ ಅಟ್ಯಾಕ್ ಆಗುತ್ತದೆ ಅಂತಲ್ಲ. ಉಳಿದವರಲ್ಲಿ 100 ಜನರಿಗೆ ಆಗುವ ಕಡೆ ಇವರಲ್ಲಿ 123. ಬೀಡಿ, ಸಿಗರೇಟಿನ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು. ಸೇದುವವರಾದರೆ ಮೊದಲು ಅದನ್ನು ಬಿಡಿ.

ರಾತ್ರಿ ನಿದ್ದೆಯಲ್ಲಿ ಬಿಪಿ ಶೇ 10ರಿಂದ 20ರಷ್ಟು ಇಳಿಯಬೇಕು. ನೈಟ್ ಶಿಫ್ಟಿನವರಿಗೆ ಆ ಬಿಡುವು ಸರಿಯಾಗಿ ಸಿಗುವುದಿಲ್ಲ. ಹಗಲಿನಲ್ಲಿ ಮಕ್ಕಳ ಗಲಾಟೆ, ಮಿಕ್ಸಿ ಸದ್ದಿನ ನಡುವೆ ಎಷ್ಟು ನಿದ್ದೆ ಬಂದೀತು, ಅಲ್ವಾ?

ಆದರೆ ನನಗೆ ಹೆಚ್ಚು ಚಿಂತೆ ಕ್ಯಾಂಟೀನಿನದು. ರಾತ್ರಿ ಎರಡಕ್ಕೆ ತಟ್ಟೆ ತುಂಬಾ ಅನ್ನ ಸಾಂಬಾರ್, ಮೇಲೊಂದು ಸಿಹಿ ಟೀ. ಆ ಹೊತ್ತಿನಲ್ಲಿ ದೇಹಕ್ಕೆ ಸಕ್ಕರೆ ನಿಭಾಯಿಸುವ ಶಕ್ತಿ ಕಡಿಮೆ. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಜನರನ್ನು ನೈಟ್ ಶಿಫ್ಟಿನ ಹಾಗೆ ಎಚ್ಚರ ಇರಿಸಿದ್ದರು. ರಾತ್ರಿಯೂ ತಿಂದವರಲ್ಲಿ ಹೃದಯದ ಅಪಾಯದ ಸೂಚನೆಗಳು ಹದಗೆಟ್ಟವು. ಹಗಲು ಮಾತ್ರ ತಿಂದವರಲ್ಲಿ ಹಾಗಾಗಲಿಲ್ಲ. ಪ್ರಯೋಗ ಚಿಕ್ಕದು, ಆದರೂ ಪಾಲಿಸಲು ಕಷ್ಟವಿಲ್ಲದ ಮಾತು. ಊಟ ಮನೆಯಲ್ಲೇ ಮುಗಿಸಿ ಹೊರಡಿ. ನಡುರಾತ್ರಿ ಹಸಿದರೆ ಮಜ್ಜಿಗೆ, ಒಂದು ಹಿಡಿ ಕಡಲೆಕಾಯಿ ಸಾಕು. ಎರಡರ ನಂತರ ಟೀ ಬೇಡ, ಬೆಳಗಿನ ನಿದ್ದೆ ಕೆಡುತ್ತದೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಬಾರದು.

ಡ್ಯೂಟಿ ಮುಗಿಸಿದ ಸುಸ್ತಿನಲ್ಲಿ ನೋಡಿದ ಒಂದೇ ಬಿಪಿ ನಂಬಬೇಡಿ. ನಿದ್ದೆ ಮುಗಿಸಿ ಎದ್ದ ಮೇಲೆ, ಐದು ನಿಮಿಷ ಸುಮ್ನೆ ಕೂತು, ಒಂದು ವಾರ ಮನೆಯಲ್ಲೇ ನೋಡಿ ಬರೆದಿಡಿ. ಸರಾಸರಿ 135/85 ದಾಟಿದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಶಿಫ್ಟ್ ವಿಷಯವನ್ನೂ ಹೇಳಿ. ಮಾತ್ರೆ ಯಾವ ಹೊತ್ತಿಗೆ ಎಂದು ಅವರೇ ಹೊಂದಿಸುತ್ತಾರೆ.

ಇನ್ನೊಂದು ಮಾತು. ಡ್ಯೂಟಿಯಲ್ಲಿ ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಶಿಫ್ಟ್ ಮುಗಿಯಲಿ ಎಂದು ಕಾಯಬೇಡಿ. ಮಷಿನ್ ನಿಲ್ಲಿಸಿ, ಸೂಪರ್‌ವೈಸರ್‌ಗೆ ಹೇಳಿ 108ಕ್ಕೆ ಫೋನ್ ಮಾಡಿಸಿ.