ಪ್ರಾಸ್ಟೇಟ್ ಮಾತ್ರೆ ತಗೊಳ್ಳುವ ಅಪ್ಪನಿಗೆ ಪಿಎಸ್‌ಎ 3.2 ಬಂದಿದೆ, ಬೇರೆ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಬೇಕಾ?

ಲ್ಯಾಬಿನ ವಿಷಯ ಬಿಡಿ. ಮೊದಲು ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಡುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಅಂತ ಇದ್ದರೆ, ಆ 3.2 ನಿಜವಾಗಿ 3.2 ಅಲ್ಲ. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನ್, ಅದು ಏರಿದರೆ ಕ್ಯಾನ್ಸರ್ ಇದೆಯಾ ಅಂತ ನೋಡುತ್ತಾರೆ.

ನಮ್ಮಪ್ಪ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಯೂರಾಲಜಿಸ್ಟ್ ಟ್ಯಾಮ್ಸುಲೋಸಿನ್ ಜೊತೆ ಡುಟಾಸ್ಟರೈಡ್ ಸೇರಿದ ಮಾತ್ರೆ ಬರೆದರು. ಶುರು ಮಾಡುವಾಗ ಪಿಎಸ್‌ಎ 3.6 ಇತ್ತು. ವರ್ಷದ ಮೇಲೆ 1.7. ನಮಗೆಲ್ಲ ಖುಷಿ. ಆಮೇಲೆ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮಾತ್ರೆ ತರುತ್ತಿದ್ದೆವು, ವರ್ಷಕ್ಕೊಮ್ಮೆ ರಕ್ತ ಕೊಡಿಸುತ್ತಿದ್ದೆವು. 2.3 ಬಂತು. ಮರುವರ್ಷ 3.4. ರಿಪೋರ್ಟಿನಲ್ಲಿ ಶುಗರ್ ದಪ್ಪ ಅಕ್ಷರದಲ್ಲಿತ್ತು, ಪಿಎಸ್‌ಎ ತೆಳುವಾಗಿತ್ತು, ಪಕ್ಕದಲ್ಲಿ ಸಾಮಾನ್ಯ ಮಿತಿ 0–4 ಅಂತ ಇತ್ತು. ನಾನು ಶುಗರ್‌ಗೆ ಓಡಾಡಿದೆ. ಪಿಎಸ್‌ಎ ಫೈಲಿಗೆ ಹೋಯಿತು.

ತಪ್ಪು ಅಲ್ಲೇ ಆಯಿತು. ಈ ಮಾತ್ರೆಯಲ್ಲಿರುವ ಡುಟಾಸ್ಟರೈಡ್, ಟೆಸ್ಟೋಸ್ಟೆರಾನ್ ಹಾರ್ಮೋನು ಪ್ರಾಸ್ಟೇಟ್ ಬೆಳೆಸುವ ಡಿಎಚ್‌ಟಿ ಆಗುವುದನ್ನು ತಡೆಯುತ್ತದೆ. ಗ್ರಂಥಿ ಕುಗ್ಗುತ್ತದೆ, ಆರು ತಿಂಗಳಿಂದ ವರ್ಷದೊಳಗೆ ರಕ್ತದ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಳಗೆ ಕ್ಯಾನ್ಸರ್ ಇದ್ದರೂ ಇಳಿಯಬಹುದು. ಅದಕ್ಕೇ ಡಾಕ್ಟರುಗಳು ಎರಡರಿಂದ ಗುಣಿಸಿ ನೋಡುತ್ತಾರೆ. ಅಂದರೆ ಅಪ್ಪನದು 6.8. ಅದಕ್ಕಿಂತ ದೊಡ್ಡ ಸುಳಿವು ಇನ್ನೊಂದಿತ್ತು: ದಿನಾ ಮಾತ್ರೆ ನುಂಗುತ್ತಿದ್ದರೂ 1.7ರಿಂದ ಮೇಲೆ ಹತ್ತಿತ್ತು. ಹಾಗೆ ಹತ್ತಿದರೆ, 4ರ ಒಳಗಿದ್ದರೂ ತೋರಿಸಲೇಬೇಕು. ಆ 0–4 ಅಚ್ಚು ಹಾಕಿದ ಯಂತ್ರಕ್ಕೆ ಅಪ್ಪ ಏನು ನುಂಗುತ್ತಾರೆ ಅಂತ ಹೇಗೆ ಗೊತ್ತಾಗಬೇಕು? ಫಾರಂನಲ್ಲಿ ಔಷಧಿಗೆ ಜಾಗ ಇತ್ತು. ಬಿಪಿ, ಶುಗರ್ ಅಂತ ಬರೆದವನು ನಾನೇ. ಮೂತ್ರದ ಮಾತ್ರೆಗೂ ರಕ್ತಕ್ಕೂ ಏನು ಸಂಬಂಧ ಅಂತ ಬಿಟ್ಟಿದ್ದೆ.

ಬೇರೆ ಡಾಕ್ಟರೊಬ್ಬರು ನಾಲ್ಕೂ ರಿಪೋರ್ಟನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಪೆನ್ನಿನಿಂದ 1.7ಕ್ಕೆ ಸುತ್ತು ಹಾಕಿದರು. ಎಂಆರ್‌ಐ, ಬಯಾಪ್ಸಿ ಆಯಿತು. ಕ್ಯಾನ್ಸರ್ ಗ್ರಂಥಿಯ ಆಚೆಗೂ ಸ್ವಲ್ಪ ಹಬ್ಬಿತ್ತು. ರೇಡಿಯೇಶನ್ ಮುಗಿದಿದೆ, ಹಾರ್ಮೋನ್ ಇಂಜೆಕ್ಷನ್ ನಡೀತಿದೆ. 2.3 ಬಂದಾಗಲೇ ಹೋಗಿದ್ದರೆ ಅನ್ನೋದು ದಿನಾ ತಲೆಗೆ ಬರುತ್ತದೆ.

ನೀವು ಸುಮ್ನೆ ಇನ್ನೊಂದು ಲ್ಯಾಬಿಗೆ ದುಡ್ಡು ಕೊಡಬೇಡಿ. ಹಳೇ ರಿಪೋರ್ಟೆಲ್ಲ ಹುಡುಕಿ, ಮಾತ್ರೆ ಶುರುವಾದ ತಿಂಗಳು ಬರೆದುಕೊಂಡು ಈ ವಾರವೇ ಯೂರಾಲಜಿಸ್ಟ್ ಹತ್ತಿರ ಹೋಗಿ. ನಡುವೆ ಮಾತ್ರೆ ತಪ್ಪಿಸಿದ್ದರೆ ಅದನ್ನೂ ಹೇಳಿ, ತಪ್ಪಿಸಿದರೂ ಪಿಎಸ್‌ಎ ಏರುತ್ತದೆ. ಸರಿಯಾದ ಅಂಕಿ ಬರಲಿ ಅಂತ ನೀವಾಗಿ ನಿಲ್ಲಿಸಬೇಡಿ. ಸ್ಟ್ರಿಪ್‌ನಲ್ಲಿ ಟ್ಯಾಮ್ಸುಲೋಸಿನ್ ಒಂದೇ ಇದ್ದರೆ ಈ ಗುಣಾಕಾರ ಬೇಡ. ಕೂದಲು ಉದುರುವುದಕ್ಕೆ ಕೊಡುವ 1 ಮಿಲಿಗ್ರಾಂ ಫಿನಾಸ್ಟರೈಡ್ ಕೂಡ ಪಿಎಸ್‌ಎ ಇಳಿಸುತ್ತದೆ. ನನ್ನ ತಮ್ಮ ಅದನ್ನು ತಗೋತಾನೆ, ಅವನ ಫೈಲಿನ ಮೇಲೆ ನಾನೇ ಬರೆದಿಟ್ಟಿದ್ದೇನೆ.