ಓದುಗರ ಪ್ರಶ್ನೆ: ಮಂಗಳದ ಮಣ್ಣು ನಮ್ಮ ಕೆಮ್ಮಣ್ಣೇ?

ಪ್ರಶ್ನೆ: ಮಂಗಳ ಗ್ರಹದ ಮಣ್ಣೂ ಬೆಂಗಳೂರಿನ ಮಣ್ಣೂ ಕೆಂಪೇ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಗಳು ಹಿತ್ತಲ ಮಣ್ಣನ್ನೇ ‘ಮಂಗಳದ ಮಣ್ಣು’ ಅಂತ ಒಯ್ಯಬಹುದೇ?
– ಓದುಗರು, ಬನಶಂಕರಿ

ಉತ್ತರ: ಬಣ್ಣ ಕೊಟ್ಟಿರುವುದು ಎರಡರಲ್ಲೂ ತುಕ್ಕು ಹಿಡಿದ ಕಬ್ಬಿಣ. ನಂಟು ಹೆಚ್ಚುಕಡಿಮೆ ಅಷ್ಟೇ. ನಮ್ಮದು ಲಾಲ್‌ಬಾಗ್ ಬಂಡೆಯಂಥ ನೈಸ್ ಶಿಲೆ ಶಿಥಿಲವಾಗಿ ಆದ ಮಣ್ಣು. ಕರಗುವ ಉಪ್ಪನ್ನೆಲ್ಲ ಮಳೆ ತೊಳೆದುಬಿಟ್ಟಿದೆ. ಅಲ್ಲಿಯದು ಬಸಾಲ್ಟ್ (ಲಾವಾ ಆರಿ ಆದ ಕರಿಕಲ್ಲು) ಪುಡಿ, ತೊಳೆಯಲು ಮಳೆಯಿಲ್ಲ. 2012ರಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯ ರಾಕ್‌ನೆಸ್ಟ್‌ನಲ್ಲಿ ಅಳೆದಾಗ ಸಿಕ್ಕದ್ದು, ತೂಕದ ಲೆಕ್ಕದಲ್ಲಿ: ಸಿಲಿಕಾ ಸುಮಾರು 43%, ಕಬ್ಬಿಣದ ಆಕ್ಸೈಡ್ 19%, ಅಲ್ಯೂಮಿನಾ ಮತ್ತು ಮೆಗ್ನೀಷಿಯಾ ತಲಾ 9%ರ ಆಸುಪಾಸು, ಕ್ಯಾಲ್ಸಿಯಂ ಆಕ್ಸೈಡ್ 7%, ಗಂಧಕದ ಟ್ರೈಆಕ್ಸೈಡ್ 5.5%, ಕ್ಲೋರಿನ್ 0.7%. ಆಕ್ಸೈಡ್ ಎಂದು ಬರೆಯುವುದು ಭೂವಿಜ್ಞಾನಿಗಳ ರೂಢಿ. ಗಂಧಕ ಅಲ್ಲಿ ಇರುವುದು ಮುಖ್ಯವಾಗಿ ಸಲ್ಫೇಟ್ ಉಪ್ಪಾಗಿ. ಆ ಕೆಂಪಾದರೂ ಮೇಲಿನದು ಮಾತ್ರ: 2013ರ ಫೆಬ್ರವರಿಯಲ್ಲಿ ಅದೇ ರೋವರ್ ಕಲ್ಲು ಕೊರೆದಾಗ ಹೊರಬಂದ ಪುಡಿ ಬೂದು ಬಣ್ಣದ್ದು.

ಹಿತ್ತಲ ಮಣ್ಣು ಬೇಡ. ಒಂದು ಮಾದರಿಯನ್ನೇ ಮಾಡಿ. 100 ಗ್ರಾಂಗೆ ಬಸಾಲ್ಟ್ ಪುಡಿ 82, ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) 17, ಅಡುಗೆ ಉಪ್ಪು 1 ಗ್ರಾಂ. ಬಣ್ಣಕ್ಕೆ ಹಳೇ ಮನೆಗಳ ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಒಂದು ಚಿಟಿಕೆ ಸಾಕು. ಇಲ್ಲಿನ ಎಂ-ಸ್ಯಾಂಡ್ ಆಗದು: ಅದು ಗ್ರಾನೈಟ್ ಜಾತಿ, ಸಿಲಿಕಾ ಹೆಚ್ಚು, ಕಬ್ಬಿಣ ಕಡಿಮೆ. ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲಿನ ಕ್ರಷರ್ ಪುಡಿ ಸಿಕ್ಕರೆ ಸರಿ. ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ. ಎಪ್ಸಮನ್ನು ಬೇರೆಯಾಗಿ ಅರೆದು ಕೊನೆಗೆ ಬೆರೆಸಿ. ಒಣಗಲಿ ಅಂತ ಬಾಣಲೆಗೆ ಹಾಕಿದಿರೋ, ತನ್ನ ಹರಳಿನೊಳಗಿನ ನೀರಲ್ಲೇ ಕರಗಿ ಗಟ್ಟಿಯಾಗಿ ಕೂರುತ್ತದೆ. ಹೆಂಟೆ ಕಟ್ಟಿದರೆ ಬೇಸರ ಬೇಡ: 2008ರಲ್ಲಿ ಮಂಗಳದಲ್ಲಿ ಇಳಿದ ನಾಸಾದ ಫೀನಿಕ್ಸ್ ನೌಕೆ ಸುರಿದ ಮಣ್ಣೂ ಹೀಗೇ ಹೆಂಟೆಯಾಗಿ, ಮಣ್ಣು ಕಾಯಿಸಿ ಪರೀಕ್ಷಿಸುವ ಅದರ ಒಲೆಯ ಬಾಯಿಯ 1 ಮಿ.ಮೀ. ಜರಡಿಯಲ್ಲಿ ಇಳಿಯದೆ, ದಿನಗಟ್ಟಲೆ ಅಲುಗಾಡಿಸಬೇಕಾಯಿತು. ಆಮೇಲೆ ಸುರಿಯುವುದು ಬಿಟ್ಟು ಉದುರಿಸಿದರು.

ಪ್ರದರ್ಶನದ ಮೇಜಿನ ಮೇಲೆ ಎರಡು ಲೋಟ, ತಲಾ 100 ಮಿ.ಲೀ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು (ಆಸಿಡ್ ಅಲ್ಲ) ಇಡಿ. ಬೋರ್‌ವೆಲ್ ನೀರೇ ಟಿಡಿಎಸ್ (ಕರಗಿದ ಲವಣ ಅಳೆಯುವ) ಮೀಟರಿನಲ್ಲಿ ನೂರಾರು ತೋರಿಸುತ್ತದೆ, ಬೇಡ. ಒಂದಕ್ಕೆ ಹಿತ್ತಲ ಮಣ್ಣು, ಇನ್ನೊಂದಕ್ಕೆ ಮಾದರಿ, ತಲಾ 1 ಗ್ರಾಂ. ಕಲಕಿ ಅರ್ಧ ಗಂಟೆ ಬಿಟ್ಟು, ತಿಳಿಯಲ್ಲಿ ಮೀಟರ್ ಅದ್ದಿ. ಗೊಬ್ಬರ ಬೀಳದ ಮಣ್ಣಾಗಿದ್ದರೆ ಅಂತರ ಕಣ್ಣಿಗೆ ಹೊಡೆಯುತ್ತದೆ. 20 ಗ್ರಾಂ ಹಾಕಿದರೆ ಮನೆಯ ಮೀಟರಿನ ಅಳತೆಯನ್ನೇ ದಾಟಿಬಿಡಬಹುದು.

ಪ್ರಶ್ನೆ: ಮಂಗಳದ ಆ ಮಣ್ಣನ್ನು ತೊಳೆದು ಸೊಪ್ಪು ಬೆಳೆಯಬಹುದೇ?
– ಓದುಗರು, ಯಲಹಂಕ

ಉತ್ತರ: ತೊಳೆಯಲೇಬೇಕು. ಫೀನಿಕ್ಸ್ 1 ಘನ ಸೆಂ.ಮೀ. ಮಣ್ಣನ್ನು 25 ಮಿ.ಲೀ. ನೀರಿನಲ್ಲಿ ಕಲಕಿದಾಗ ಪಿಎಚ್ (ಆಮ್ಲ–ಕ್ಷಾರದ ಅಳತೆ) ಸುಮಾರು 7.7 ಬಂತು; ಗಿಡಕ್ಕೆ ತೊಂದರೆಯಿಲ್ಲ. ತೊಂದರೆಯಾದದ್ದು ಅದರಲ್ಲಿ 0.4ರಿಂದ 0.6% ಇದ್ದ ಪರ್ಕ್ಲೋರೇಟ್, ಅಂದರೆ ಕ್ಲೋರಿನ್ ಮತ್ತು ಆಮ್ಲಜನಕ ಸೇರಿದ ಉಪ್ಪು. ಅದು ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳದಂತೆ ತಡೆಯುತ್ತದೆ, ಎಲೆಯಲ್ಲಿ ಶೇಖರವಾಗುತ್ತದೆ. ಅಂದರೆ ಸೊಪ್ಪೇ ಕೆಟ್ಟ ಆಯ್ಕೆ. ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ತೊಳೆದರೆ ಹೋಗುತ್ತದೆ, ಆದರೆ ಆ ನೀರನ್ನು ಮತ್ತೆ ಶುದ್ಧ ಮಾಡದೆ ಚೆಲ್ಲುವ ಹಾಗಿಲ್ಲ. ಕೆಲವು ನೂರು ಡಿಗ್ರಿಗೆ ಕಾಯಿಸಿದರೆ ಒಡೆದು ಆಮ್ಲಜನಕ ಬಿಡುತ್ತದೆ, ಅದು ಲಾಭವೇ. ತೊಳೆದ ಮೇಲೂ ಅದು ಬರೀ ಕಲ್ಲುಪುಡಿ: ಸಾರಜನಕವನ್ನೂ ಕಾಂಪೋಸ್ಟನ್ನೂ ನಾವೇ ಹಾಕಬೇಕು. ಶಾಲೆಯ ಮಾದರಿಗೆ ಪರ್ಕ್ಲೋರೇಟ್ ತರಲೇಬೇಡಿ, ಅದು ಪಟಾಕಿ ಮದ್ದಿನ ಸಾಮಾನು.

ಪ್ರಶ್ನೆ: ಬೇರೆ ಗ್ರಹದ ಮಣ್ಣು ಅಳೆಯುವ ಇಂಥ ಉಪಕರಣ ನಮ್ಮೂರಲ್ಲೂ ಮಾಡುತ್ತಾರೆಯೇ?
– ಓದುಗರು, ಪೀಣ್ಯ

ಉತ್ತರ: ನಿಮ್ಮ ಪಕ್ಕದಲ್ಲೇ! ಚಂದ್ರಯಾನ-3ರ ಪ್ರಜ್ಞಾನ್ ರೋವರಿನ ಲಿಬ್ಸ್ ಉಪಕರಣ ಇಸ್ರೋದ ಪೀಣ್ಯದ ಲಿಯೋಸ್ ಪ್ರಯೋಗಾಲಯದ್ದು. ಲೇಸರ್ ಬಡಿದು ಮಣ್ಣಿನಿಂದ ಕಿಡಿ ಎಬ್ಬಿಸಿ, ಆ ಬೆಳಕಿನ ಬಣ್ಣಗಳಿಂದ ಮೂಲವಸ್ತು ಗುರುತಿಸುತ್ತದೆ. 2023ರ ಆಗಸ್ಟ್‌ನಲ್ಲಿ ಚಂದ್ರನ ದಕ್ಷಿಣ ಧ್ರುವದ ಕಡೆ ಗಂಧಕ ತೋರಿಸಿದ್ದು ಅದೇ. ಕ್ಯೂರಿಯಾಸಿಟಿಯ ಕೆಮ್‌ಕ್ಯಾಮ್‌ನದೂ ಇದೇ ತತ್ತ್ವ, 7 ಮೀಟರ್ ವರೆಗಿನ ದೂರದಿಂದ.