ಓದುಗರು ಕೇಳಿದ್ದು: ಲಸಿಕೆ ಒಂದೇ ಡೋಸ್ ಸಾಕಾ, ಟಿಬಿ ಜೊತೆ ಶುಗರ್ ಇದ್ದರೆ ಏನು ಬಡಿಸಬೇಕು, ತೂಕದ ಇಂಜೆಕ್ಷನ್ ಬೇಕಾ?

ಈ ತಿಂಗಳ ಪತ್ರಗಳಲ್ಲಿ ಕ್ಯಾನ್ಸರ್, ಶುಗರ್, ಟಿಬಿ ಬಗ್ಗೆಯೇ ಜಾಸ್ತಿ ಕೇಳಿದ್ದೀರಿ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಹೊಸ ಸಂಶೋಧನೆ ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನಾನು ಮೊದಲು ನೋಡುವುದು ಇಷ್ಟೇ: ಎಷ್ಟು ಜನರನ್ನು ನೋಡಿದರು, ಎಷ್ಟು ವರ್ಷ ನೋಡಿದರು, ಅವರು ನಮ್ಮಂಥವರೇನಾ. ಉತ್ತರಗಳನ್ನೂ ಹಾಗೇ ಬರೆದಿದ್ದೇನೆ.

ಡಾಕ್ಟ್ರೇ, ನನ್ನ ಮಗಳಿಗೆ ಹನ್ನೆರಡು ವರ್ಷ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಬೇಕು ಅಂತಿದ್ದೇನೆ. ನಮ್ಮ ಡಾಕ್ಟರು ಎರಡು ಡೋಸ್ ಅಂತಾರೆ, ನನ್ನ ತಂಗಿ ಒಂದೇ ಸಾಕು ಅಂತಾಳೆ. ಅತ್ತೆಯವರು ‘ಇಷ್ಟು ಚಿಕ್ಕ ಹುಡುಗಿಗೆ ಯಾಕೆ’ ಅಂತ ಬೇಡವೇ ಬೇಡ ಅಂತಿದ್ದಾರೆ.
– ಒಬ್ಬ ತಾಯಿ, ರಾಣೆಬೆನ್ನೂರು

ಹಾಕಿಸಿ. ಡಾಕ್ಟರು ಹೇಳಿದ್ದೂ ಸರಿ, ನಿಮ್ಮ ತಂಗಿ ಹೇಳಿದ್ದೂ ಸರಿ. ಒಂದೇ ಡೋಸ್ ಸಾಕಾಗಬಹುದು ಅನ್ನೋದಕ್ಕೆ ಜಗತ್ತಿಗೆ ಸಿಕ್ಕ ದೊಡ್ಡ ಸಾಕ್ಷಿಗಳಲ್ಲಿ ಒಂದು ನಮ್ಮ ದೇಶದ್ದೇ, ಅದೂ ಯಾರೂ ಯೋಜನೆ ಹಾಕದೆ ಸಿಕ್ಕಿದ್ದು.

2009ರಲ್ಲಿ ಪುಣೆ, ಸೊಲ್ಲಾಪುರ ಹತ್ತಿರದ ಬಾರ್ಶಿ, ತಮಿಳುನಾಡಿನ ಅಂಬಿಲಿಕ್ಕೈ ಸೇರಿ ಹಲವು ಕಡೆ ಒಂದು ಅಧ್ಯಯನ ಶುರುವಾಯಿತು. ಎರಡು ಡೋಸ್ ಒಳ್ಳೇದಾ, ಮೂರಾ ಅಂತ ನೋಡುವುದು ಉದ್ದೇಶ. ಆದರೆ ಅದೇ ಹೊತ್ತಿಗೆ ಆಂಧ್ರ ಮತ್ತು ಗುಜರಾತಿನಲ್ಲಿ ನಡೆಯುತ್ತಿದ್ದ ಬೇರೆ ಒಂದು ಲಸಿಕೆ ಯೋಜನೆಯಲ್ಲಿ ಕೆಲವು ಹುಡುಗಿಯರು ತೀರಿಕೊಂಡರು, ದೊಡ್ಡ ಗಲಾಟೆಯಾಯಿತು, ಸರ್ಕಾರ 2010ರ ಏಪ್ರಿಲ್‌ನಲ್ಲಿ ಎಲ್ಲವನ್ನೂ ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಪೋಷಕರ ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪಗಳಿದ್ದವು, ಅದನ್ನು ಮುಚ್ಚಿಡುವಂತಿಲ್ಲ. ಅತ್ತೆಯವರ ಭಯ ಬಹುಶಃ ಆ ಕಾಲದ ಸುದ್ದಿಯಿಂದಲೇ ಬಂದಿರಬಹುದು, ಅವರನ್ನು ಗದರಿಸಬೇಡಿ.

ಹೀಗೆ ಅರ್ಧಕ್ಕೆ ನಿಂತಿದ್ದರಿಂದ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡಲಿಲ್ಲ. 2021ರಲ್ಲಿ ಫಲಿತಾಂಶ ಬಂತು. ಈ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16 ಮತ್ತು 18ನೇ ನಮೂನೆಯ ಎಚ್‌ಪಿವಿ ವೈರಸ್ ಒಳಗೆ ಬಂದು ಬೇರೂರುವುದನ್ನು ಒಂದು ಡೋಸ್ ಶೇ 95ರಷ್ಟು ತಡೆದಿತ್ತು. ಎರಡು, ಮೂರು ಡೋಸ್‌ನವರಲ್ಲಿ ಅದು ಶೇ 93. ಅಂದರೆ ಹೆಚ್ಚುಕಡಿಮೆ ಒಂದೇ. ಇಂಥ ಅಧ್ಯಯನಗಳನ್ನೆಲ್ಲ ನೋಡಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೊಟ್ಟರೂ ಆಗುತ್ತೆ ಎಂದಿತು. ಎಚ್‌ಐವಿಯಂಥ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಮಾತ್ರ ಒಂದು ಸಾಲದು. ನಿಮ್ಮ ಕೈಲಿ ಎರಡರ ಖರ್ಚು ಆಗುತ್ತೆ ಅಂದರೆ ಡಾಕ್ಟರ ಮಾತಿನಂತೆ ಎರಡು ಹಾಕಿಸಿ. ಆಗಲ್ಲ ಅಂದರೆ ಒಂದಾದರೂ ಹಾಕಿಸಿ, ಎರಡಕ್ಕೆ ದುಡ್ಡಿಲ್ಲ ಅಂತ ಪೂರ್ತಿ ಬಿಡಬೇಡಿ.

ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ಅಂದರೆ, ವೈರಸ್ ಒಳಗೆ ಸೇರಿದ ಮೇಲೆ ಲಸಿಕೆ ಅದನ್ನು ಓಡಿಸಲ್ಲ, ಅದಕ್ಕೆ ಮುಂಚೆಯೇ ಹಾಕಬೇಕು. ಸ್ಕಾಟ್ಲೆಂಡ್‌ನಲ್ಲಿ 2008ರಿಂದ ಶಾಲೆಗಳಲ್ಲೇ ಕೊಡುತ್ತಿದ್ದಾರೆ. ಅಲ್ಲಿ 12–13ನೇ ವಯಸ್ಸಿಗೆ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಒಂದೂ ಕಂಡುಬಂದಿಲ್ಲ ಅಂತ 2024ರಲ್ಲಿ ವರದಿಯಾಯಿತು. ಒಂದೂ ಇಲ್ಲ!

ಇನ್ನೊಂದು ಮಾತು ನಿಮಗೆ. ಮೂವತ್ತು ದಾಟಿದ್ದರೆ ನೀವೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಿ. ವಿನೆಗರ್ ಅಂಶ ಹಚ್ಚಿ ಬಣ್ಣ ಬದಲಾಗುತ್ತಾ ಅಂತ ನೋಡುವ ಸರಳ ಪರೀಕ್ಷೆಯಿಂದಲೇ ಮುಂಬೈನ ಕೊಳೆಗೇರಿಗಳಲ್ಲಿ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ಕಡಿಮೆಯಾಗಿತ್ತು. ಮಗಳ ಚಿಂತೆಯಲ್ಲಿ ತಾಯಂದಿರು ತಮ್ಮದನ್ನು ಮರೆತೇಬಿಡುತ್ತಾರೆ.

ನಮ್ಮ ಯಜಮಾನರಿಗೆ 52 ವರ್ಷ. ಎಂಟು ವರ್ಷದಿಂದ ಶುಗರ್ ಇದೆ. ಹೋದ ತಿಂಗಳು ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು, ಸರ್ಕಾರಿ ಆಸ್ಪತ್ರೆ ಮಾತ್ರೆ ಶುರುವಾಗಿದೆ. ಈಗ ತೂಕ 46 ಕೆಜಿ. ಟಿಬಿಗೆ ಚೆನ್ನಾಗಿ ತಿನ್ನಿ ಅಂತಾರೆ, ಶುಗರ್‌ಗೆ ಕಡಿಮೆ ತಿನ್ನಿ ಅಂತಾರೆ. ನಾನು ಏನು ಬಡಿಸಲಿ ಸರ್? ಮನೆಯಲ್ಲಿ ಆರು ವರ್ಷದ ಮೊಮ್ಮಗ ಇದ್ದಾನೆ, ಅದೂ ಭಯ.
– ಲಿಂಗಸುಗೂರು

ಅಮ್ಮಾ, ಬಡಿಸಿ. ಹೊಟ್ಟೆ ತುಂಬಾ ಬಡಿಸಿ. ಈಗ ಅವರ ತೂಕ ಏರಲೇಬೇಕು. ಶುಗರ್ ಏರಿದರೆ ಅದನ್ನು ಔಷಧಿಯಲ್ಲಿ ಹತೋಟಿಗೆ ತರೋಣ, ತಟ್ಟೆ ಖಾಲಿ ಮಾಡಿ ಅಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಟಿಬಿ ಬಂದವರಿಗೆ ಒಳ್ಳೆಯ ಊಟ ಕೊಡಿ ಅಂತ ನಮ್ಮ ಅಜ್ಜಿಯರ ಕಾಲದಿಂದ ಹೇಳುತ್ತಿದ್ದರು, ಆದರೆ ಊಟದಿಂದ ನಿಜವಾಗಿ ಎಷ್ಟು ಫರಕ್ಕಾಗುತ್ತೆ ಅಂತ ಸರಿಯಾಗಿ ಅಳೆದಿರಲಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಚೆನ್ನೈನ ಕ್ಷಯರೋಗ ಸಂಶೋಧನಾ ಸಂಸ್ಥೆಯವರೆಲ್ಲ ಸೇರಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಅದನ್ನು ಮಾಡಿದರು. 2,800 ರೋಗಿಗಳು, ಅವರ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ರೋಗಿಗಳಲ್ಲಿ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು.

ಕೊಟ್ಟಿದ್ದೇನು ಗೊತ್ತಾ? ರೋಗಿಗೆ ತಿಂಗಳಿಗೆ ಹತ್ತು ಕೆಜಿಯ ಒಂದು ಚೀಲ: ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ಅರ್ಧದಷ್ಟು ಊರುಗಳಲ್ಲಿ ಮನೆಯ ಉಳಿದವರಿಗೂ ತಲೆಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟರು. ಅಷ್ಟೇ. 2023ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳಲ್ಲಿ ಫಲಿತಾಂಶ ಬಂದಾಗ ನಾನು ಎರಡೆರಡು ಸಲ ಓದಿದೆ. ಬೇಳೆ-ಅಕ್ಕಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಗಿತ್ತು. ಇನ್ನೊಬ್ಬರಿಗೆ ಹರಡುವ ಶ್ವಾಸಕೋಶದ ಟಿಬಿಯಂತೂ ಹತ್ತಿರ ಹತ್ತಿರ ಅರ್ಧ. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಿಗೆ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ನಿಮ್ಮ ಯಜಮಾನರ ಲೆಕ್ಕದಲ್ಲಿ ಶೇ 5 ಅಂದರೆ ಎರಡು ಕೆಜಿ, ಸ್ವಲ್ಪ ಜಾಸ್ತಿ. ಅದನ್ನು ಗುರಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ನಾಲ್ಕು ವಾರವಾದರೂ ಏರದಿದ್ದರೆ ಆಸ್ಪತ್ರೆಯಲ್ಲಿ ತೋರಿಸಿ.

ಇನ್ನು ತಟ್ಟೆಯ ವಿಷಯ. ಜೋಳದ ರೊಟ್ಟಿ ಅಥವಾ ಅನ್ನ ಇರಲಿ, ಒಂದೇ ಸಲ ಗುಡ್ಡೆ ಹಾಕುವುದು ಬೇಡ, ಮೂರು ಹೊತ್ತಿನ ಊಟವನ್ನು ಐದು ಹೊತ್ತು ಮಾಡಿ. ಪ್ರತಿ ಹೊತ್ತಿಗೂ ಬೇಳೆಯೋ ಕಾಳೋ ಇರಬೇಕು: ತೊಗರಿ, ಹೆಸರು, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ತಿನ್ನುವವರಾದರೆ ದಿನಾ ಎರಡು ಮೊಟ್ಟೆ, ಆದಾಗ ಮೀನು, ಕೋಳಿ. ಹುರಿಗಡಲೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಕೊಡಿ, ಬಾಯಿಗೆ ರುಚಿಯಿಲ್ಲ ಅನ್ನುವವರೂ ಕುಡಿಯುತ್ತಾರೆ. ಬೆಲ್ಲ, ಸಕ್ಕರೆ, ಗ್ಲೂಕೋಸ್ ಪುಡಿ, ‘ಶಕ್ತಿ ಬರುತ್ತೆ’ ಅಂತ ನೆಂಟರು ತರುವ ಡಬ್ಬಿ ಪುಡಿಗಳು, ಇವು ಬೇಡ. ಕಿಡ್ನಿ ತೊಂದರೆ ಇದೆ ಅಂತ ಯಾರಾದರೂ ಹೇಳಿದ್ದರೆ ಮಾತ್ರ ಕಾಳು-ಮೊಟ್ಟೆಯ ಪ್ರಮಾಣವನ್ನು ಡಾಕ್ಟರ ಹತ್ತಿರ ಕೇಳಿ.

ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಎರಡು-ಮೂರು ಪಟ್ಟು ಜಾಸ್ತಿ, ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣು ಕೊಲ್ಲುವ ಕಣಗಳು ಮಂಕಾಗುತ್ತವೆ. ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಇನ್ನೊಂದಿದೆ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ (ಮೂತ್ರ ಕಿತ್ತಳೆ ಬಣ್ಣ ಬರುವುದು ಇದರಿಂದಲೇ, ಹೆದರಬೇಡಿ) ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಗಳನ್ನು ದೇಹದಿಂದ ಬೇಗ ಹೊರಗೆ ಹಾಕಿಸುತ್ತದೆ. ಮೊದಲಿನಷ್ಟೇ ಮಾತ್ರೆ ನುಂಗಿದರೂ ಶುಗರ್ ಏರುತ್ತೆ. ಆಗ ಮನೆಯವರು ‘ಊಟ ಜಾಸ್ತಿಯಾಯ್ತು’ ಅಂತ ಅನ್ನ ಕಿತ್ತುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಶುಗರ್ ಡಾಕ್ಟರಿಗೆ ಟಿಬಿ ಮಾತ್ರೆಯ ಚೀಟಿ ತೋರಿಸಿ, ಡೋಸ್ ಬದಲಾಯಿಸಬೇಕಾಗಬಹುದು, ಕೆಲವು ತಿಂಗಳಿಗೆ ಇನ್ಸುಲಿನ್ ಬೇಕಾಗಬಹುದು. ಇನ್ಸುಲಿನ್ ಅಂದರೆ ರೋಗ ಕೈಮೀರಿತು ಅಂತಲ್ಲ, ತೂಕ ಏರಿಸಲು ಅದು ಸಹಾಯವನ್ನೇ ಮಾಡುತ್ತದೆ. ಕಾಲು ಜೋಮು ಹಿಡಿದರೆ ಅದನ್ನೂ ಹೇಳಿ, ಬಿ6 ಮಾತ್ರೆ ಕೊಡುತ್ತಾರೆ.

ಮೊಮ್ಮಗನ ವಿಷಯ. ಅವನನ್ನೂ, ಮನೆಯ ಉಳಿದವರನ್ನೂ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಆಶಾ ಕಾರ್ಯಕರ್ತೆಗೆ ಹೇಳಿದರೆ ವ್ಯವಸ್ಥೆ ಮಾಡುತ್ತಾರೆ. ಟಿಬಿ ಇಲ್ಲ ಅಂತ ಖಚಿತವಾದ ಮೇಲೆ, ಮುಂದೆ ಬರದಂತೆ ತಡೆಯುವ ಮಾತ್ರೆ ಉಚಿತವಾಗಿ ಸಿಗುತ್ತೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಕೆಲವೇ ವಾರದಲ್ಲಿ ಹರಡುವುದು ತುಂಬಾ ಕಡಿಮೆಯಾಗುತ್ತೆ, ಅಲ್ಲಿವರೆಗೆ ಅವರು ಮಾಸ್ಕ್ ಹಾಕಲಿ, ಕಿಟಕಿ ತೆಗೆದಿಡಿ, ಹುಡುಗ ಬೇರೆ ಕೋಣೆಯಲ್ಲಿ ಮಲಗಲಿ. ತಟ್ಟೆ-ಲೋಟ ಬೇರೆ ಇಡುವುದರಿಂದ ಏನೂ ಲಾಭವಿಲ್ಲ, ಇದು ಉಸಿರಿನಿಂದ ಹರಡುವ ರೋಗ. ಸುಮ್ನೆ ಅವರ ಮನಸ್ಸಿಗೆ ನೋವು.

ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ಚಿಕಿತ್ಸೆ ಮುಗಿಯುವವರೆಗೂ ದುಡ್ಡು ಬ್ಯಾಂಕಿಗೆ ಬರುತ್ತೆ. ಮೊದಲು ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1,000 ರೂಪಾಯಿ. ಪಾಸ್‌ಬುಕ್, ಆಧಾರ್ ಕೊಟ್ಟಿದ್ದೀರಾ ನೋಡಿಕೊಳ್ಳಿ. ಬರದಿದ್ದರೆ 1800-11-6666ಕ್ಕೆ ಫೋನ್ ಮಾಡಿ. ಅದು ನಿಮ್ಮ ಹಕ್ಕು, ಕೇಳಲು ಸಂಕೋಚ ಬೇಡ.

ನನಗೆ 34. ಎತ್ತರ 5 ಅಡಿ 8 ಇಂಚು, ತೂಕ 81 ಕೆಜಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ) 6.0 ಬಂದಿದೆ, ಶುಗರ್ ಬರುವ ಮುಂಚಿನ ಹಂತ, ‘ಪ್ರಿ-ಡಯಾಬಿಟಿಸ್’ ಅಂದರು. ಆಫೀಸಿನಲ್ಲಿ ಇಬ್ಬರು ತೂಕ ಇಳಿಸುವ ಇಂಜೆಕ್ಷನ್ ತಗೊಂಡು ಸಖತ್ ಸಣ್ಣಗಾಗಿದ್ದಾರೆ. ನಾನೂ ಶುರು ಮಾಡ್ಲಾ?
– ಬೆಂಗಳೂರು

ಔಷಧಿ ಒಳ್ಳೆಯದೇ. ಈ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್‌ನಿಂದ ಸುಮಾರು ಒಂದೂಕಾಲು ವರ್ಷದಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದಿದ್ದು ನಿಜ. 17 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ಶೇ 20ರಷ್ಟು ಕಡಿಮೆಯಾಗಿದ್ದೂ ನಿಜ. ಆದರೆ ಅದರಲ್ಲಿದ್ದವರೆಲ್ಲ 45 ದಾಟಿದವರು, ಆಗಲೇ ಹೃದ್ರೋಗವೋ ರಕ್ತನಾಳದ ರೋಗವೋ ಇದ್ದವರು. ನೀವು ಅವರಲ್ಲ, ಅಲ್ವಾ? ಮತ್ತೆ, ಇಂಜೆಕ್ಷನ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು.

ನನಗೆ ಜಾಸ್ತಿ ಚಿಂತೆ ಬೇರೆ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇರುತ್ತೆ, ನಮ್ಮ ಜನರಲ್ಲಿ ಸ್ನಾಯು ಮೊದಲೇ ಕಡಿಮೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ತಾವು ಮತ್ತು ಲಂಡನ್ನಿನ ಗೆಳೆಯ ಡಾ. ಯುಡ್ಕಿನ್ ಒಟ್ಟಿಗೆ ನಿಂತ ಫೋಟೋ ಒಂದನ್ನು ಲ್ಯಾನ್ಸೆಟ್‌ನಲ್ಲಿ ಹಾಕಿದ್ದರು. ಎತ್ತರ-ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರಿಗೂ ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9, ಯಾಜ್ಞಿಕ್‌ಗೆ ಶೇ 21! ನೋಡಲು ತೆಳ್ಳಗಿದ್ದೂ ಶುಗರ್ ಬರುವುದು ನಮ್ಮಲ್ಲಿ ಯಾಕೆ ಜಾಸ್ತಿ ಅನ್ನೋದಕ್ಕೆ ಇದೊಂದು ದೊಡ್ಡ ಕಾರಣ. ಐಸಿಎಂಆರ್‌ನ 2023ರ ವರದಿ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಶುಗರ್ ಇದೆ, ನಿಮ್ಮಂತೆ ಪ್ರಿ-ಡಯಾಬಿಟಿಸ್ ಹಂತದಲ್ಲಿರುವವರು 13 ಕೋಟಿಗೂ ಹೆಚ್ಚು.

ನಿಮ್ಮ ಬಿಎಂಐ 27 ಚಿಲ್ಲರೆ. ಡಾಕ್ಟರು ಬರೆದುಕೊಟ್ಟರೆ ತಪ್ಪು ಅನ್ನಲ್ಲ. ಆದರೆ ನಾನಾದರೆ ಮೊದಲು ಆರು ತಿಂಗಳು ಬೇರೆ ದಾರಿ ಹೇಳುತ್ತೇನೆ: ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮ, ದಿನಾ ಚುರುಕು ನಡಿಗೆ, ಅನ್ನ-ದೋಸೆ ಅರ್ಧಕ್ಕೆ ಇಳಿಸಿ ಆ ಜಾಗದಲ್ಲಿ ಕಾಳು-ಪಲ್ಯ, ರಾತ್ರಿ ಊಟ ಬೇಗ. ಚೆನ್ನೈನಲ್ಲಿ ನಡೆದು 2006ರಲ್ಲಿ ಬಂದ ಅಧ್ಯಯನದಲ್ಲಿ ಇಂಥ ಬದಲಾವಣೆಯಿಂದಲೇ, ಮೂರು ವರ್ಷದಲ್ಲಿ ಶುಗರ್‌ಗೆ ತಿರುಗುವವರು ಶೇ 28ರಷ್ಟು ಕಡಿಮೆಯಾದರು. ಇಂಜೆಕ್ಷನ್ ತೆಗೆದುಕೊಂಡರೂ ಈ ವ್ಯಾಯಾಮ ಬಿಡುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಮೆಡ್ಯುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ, ನಿಮಗೆ ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದರೆ, ಮೊದಲೇ ಹೇಳಬೇಕು. ಗೆಳೆಯನ ಇಂಜೆಕ್ಷನ್ ಪೆನ್ನಿನಿಂದ ಚುಚ್ಚಿಕೊಳ್ಳುವುದಂತೂ ಬೇಡವೇ ಬೇಡ.

ಅಮ್ಮನಿಗೆ ಸ್ತನ ಕ್ಯಾನ್ಸರ್, ಕೀಮೋ ನಡೀತಿದೆ. ಸಕ್ಕರೆ, ಅನ್ನ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತೆ ಅಂತ ವಾಟ್ಸಾಪ್‌ನಲ್ಲಿ ನೋಡಿ ಅಣ್ಣ ಎಲ್ಲ ನಿಲ್ಲಿಸಿದ್ದಾನೆ. ಆರು ಕೆಜಿ ಇಳಿದಿದ್ದಾರೆ. ಮುಂಬೈನ ಹೊಸ ಕಾರ್-ಟಿ ಚಿಕಿತ್ಸೆ ಅಮ್ಮನಿಗೆ ಆಗುತ್ತಾ?
– ಶಿವಮೊಗ್ಗ

ಇವತ್ತಿನಿಂದಲೇ ಅನ್ನ ಕೊಡಿ. ಕ್ಯಾನ್ಸರ್ ಕಣಗಳು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ ಅನ್ನೋದು ನಿಜ, ಪೆಟ್ ಸ್ಕ್ಯಾನ್ ಕೆಲಸ ಮಾಡುವುದೇ ಹಾಗೆ. ಆದರೆ ನಾವು ತಿನ್ನದಿದ್ದರೂ ಯಕೃತ್ತು ದೇಹದ ಸ್ನಾಯು ಕರಗಿಸಿಯಾದರೂ ಸಕ್ಕರೆ ಮಾಡುತ್ತೆ. ಗಡ್ಡೆ ಹಸಿಯಲ್ಲ, ಅಮ್ಮ ಹಸಿಯುತ್ತಾರೆ. ತೂಕ ಇಳಿದರೆ ಕೀಮೋ ತಡೆದುಕೊಳ್ಳುವ ಶಕ್ತಿ ಹೋಗುತ್ತೆ, ಡೋಸ್ ಮುಂದೆ ಹಾಕಬೇಕಾಗುತ್ತೆ. ಗಂಜಿ, ಮೊಸರನ್ನ, ಹೆಸರುಬೇಳೆ ಪೊಂಗಲ್, ಬೇಯಿಸಿದ ಮೊಟ್ಟೆ, ಏನು ಸೇರುತ್ತೋ ಅದನ್ನು ಸ್ವಲ್ಪ ಸ್ವಲ್ಪ ಆಗಾಗ ಕೊಡಿ. ಅಣ್ಣನ ಮೇಲೆ ಸಿಟ್ಟಾಗಬೇಡಿ, ಅಮ್ಮನಿಗೆ ಏನಾದರೂ ಮಾಡಬೇಕು ಅನ್ನುವ ತವಕದಲ್ಲೇ ಅವರು ಮಾಡಿದ್ದು. ಅಡುಗೆಯ ಜವಾಬ್ದಾರಿ ಅವರಿಗೇ ಕೊಡಿ.

ಕಾರ್-ಟಿ, ಅಂದರೆ ರೋಗಿಯದೇ ರೋಗನಿರೋಧಕ ಕಣಗಳನ್ನು ಮಾರ್ಪಡಿಸಿ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ, ಈಗ ಅಮ್ಮನಿಗಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಆಸ್ಪತ್ರೆಯವರು ರೂಪಿಸಿದ, 2023ರಲ್ಲಿ ಅನುಮತಿ ಸಿಕ್ಕ ಆ ಚಿಕಿತ್ಸೆ ಕೆಲವು ಬಗೆಯ ರಕ್ತದ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರ್‌ಗೆ ಮಾತ್ರ. ಸ್ತನದಂಥ ಗಟ್ಟಿ ಗಡ್ಡೆಗಳಲ್ಲಿ ಇನ್ನೂ ಪ್ರಯೋಗದ ಹಂತ. ಅದಕ್ಕೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅದಕ್ಕಿಂತ ಒಂದು ಥರ್ಮಾಮೀಟರ್ ತಂದಿಟ್ಟುಕೊಳ್ಳಿ. ಕೀಮೋ ಆದ ಒಂದೆರಡು ವಾರ ಬಿಳಿ ರಕ್ತಕಣ ಇಳಿದಿರುತ್ತೆ, ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹಬ್ಬಬಹುದು. ಜ್ವರ 100.4 ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿ ಎರಡಾಗಿದ್ದರೂ ಹೊರಡಿ, ‘ಕೀಮೋ ಪೇಷೆಂಟ್, ಜ್ವರ ಬಂದಿದೆ’ ಅಂತ ಬಾಗಿಲಲ್ಲೇ ಹೇಳಿ.